ಭಾವಚಿತ್ರದ ಬೆನ್ನಿಗೊಂದು ಹೆಸರು

ನರಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿಯದೊಂದು ಭಾವಚಿತ್ರವಿದೆ. ಸ್ಟುಡಿಯೋದ ಪರದೆಯ ಮುಂದೆ, ಎರವಿನ ಸೀರೆಯುಟ್ಟು, ಉಸಿರು ಬಿಗಿಹಿಡಿದು ಕುಳಿತಿದ್ದಾಳೆ. ನಾನು ಕಂಡ ಅಜ್ಜಿ ಇವಳಲ್ಲ. ಒಲೆಯ ಮುಂದೆ ನಗುತ್ತ ರೊಟ್ಟಿ ಬಡಿಯುತ್ತಿದ್ದವಳ ಪಟವನ್ನು ಯಾರೂ ತೆಗೆಯಲಿಲ್ಲ. ಅವಳ ಟ್ರಂಕಿನಲ್ಲಿ ಇನ್ನೂ ಏಳು ಪಟಗಳಿವೆ. ಅವುಗಳಲ್ಲಿರುವವರು ಯಾರೆಂದು ಹೇಳಬಲ್ಲವಳು ಅವಳೊಬ್ಬಳೇ ಇದ್ದಳು.

ನಿತ್ಯದ ಕೆಲಸಕ್ಕೆ ಎಂಥ ಪಟವೆಂದು ಹಲವರು ನಗುವುದುಂಟು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಜನಸಾಮಾನ್ಯರ ದಿನನಿತ್ಯದ ಬಾಳನ್ನೇ ಕ್ಯಾಮರಾದಲ್ಲಿ ಹಿಡಿದು ಹೆಸರಾದರು; 1977ರಲ್ಲಿ ಪದ್ಮಶ್ರೀ ಪಡೆದರು.

ಇಂದು ನಮ್ಮ ಮೊಬೈಲಿನಲ್ಲಿ ಸಾವಿರ ಚಿತ್ರಗಳಿವೆ. ಅದು ಕೆಟ್ಟರೆ ಸಾವಿರವೂ ಒಮ್ಮೆಗೇ ಹೋದಾವು. ಆದ್ದರಿಂದ ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಈ ರಜೆಯಲ್ಲಿ ಹಿರಿಯರು ಕೆಲಸದಲ್ಲಿ ತೊಡಗಿರುವಾಗಲೇ ಅವರ ಪಟ ತೆಗೆಯಿರಿ. ಹತ್ತನ್ನಾದರೂ ಅಚ್ಚುಹಾಕಿಸಿ ಆಲ್ಬಮ್ಮಿಗೆ ಸೇರಿಸಿರಿ. ಹಳೆಯ ಪಟಗಳನ್ನು ಅವರ ಮುಂದಿಟ್ಟು ಕೇಳಿ, ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆಯಿರಿ. ನಾನು ಕೇಳಬೇಕೆನ್ನುವಷ್ಟರಲ್ಲಿ ಅಜ್ಜಿ ಇರಲಿಲ್ಲ.