ದೂರು ದಾಖಲಾಗಲಿ, ಸಂಖ್ಯೆ ಏರಲಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ ಹೊರಬಿದ್ದಾಗಲೆಲ್ಲ ಒಂದೇ ಬಗೆಯ ಚರ್ಚೆ ಶುರುವಾಗುತ್ತದೆ: ಪ್ರಕರಣ ಹೆಚ್ಚಾಗಿವೆ, ಹಾಗಾಗಿ ಕಾನೂನು ಸುವ್ಯವಸ್ಥೆ ಕೆಟ್ಟಿದೆ. ಆ ವರದಿ ಎಣಿಸುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು. ನಡೆದ ಅಪರಾಧಗಳನ್ನೆಲ್ಲ ಅಲ್ಲ. ಸಂಖ್ಯೆ ಏರಿತೆಂದು ಠಾಣಾಧಿಕಾರಿಯನ್ನು ತರಾಟೆಗೆ ತೆಗೆದುಕೊಂಡರೆ, ಇಳಿಸುವ ಸುಲಭದ ದಾರಿ ಅವರಿಗೆ ಗೊತ್ತೇ ಇದೆ. ದೂರನ್ನೇ ದಾಖಲಿಸದಿದ್ದರಾಯಿತು.

‘ನಮ್ಮ ಸರಹದ್ದಿಗೆ ಬರಲ್ಲ’, ‘ಕೂತು ಮಾತಾಡಿ ಬಗೆಹರಿಸಿಕೊಳ್ಳಿ’, ‘ಇನ್ನೆರಡು ದಿನ ಹುಡುಕಿ ನೋಡಿ’ ಎಂಬ ಮಾತುಗಳು ಹುಟ್ಟುವುದು ಇಲ್ಲಿ. ಇವಕ್ಕೂ ಬಗ್ಗದವರಿಗೆ ಎನ್‌ಸಿಆರ್ ರಸೀದಿ ಸಿಗುತ್ತದೆ. ಅದು ಅಸಂಜ್ಞೇಯ ಅಪರಾಧಕ್ಕೆ ಕೊಡುವ ಚೀಟಿ; ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅದರ ಮೇಲೆ ತನಿಖೆ ನಡೆಯುವುದಿಲ್ಲ. ಕಳವಾದ ಬೈಕಿಗೆ ಈ ಚೀಟಿ ಹಿಡಿದು ಮನೆಗೆ ಬಂದವರು, ದೂರು ಕೊಟ್ಟೆವೆಂಬ ನಂಬಿಕೆಯಲ್ಲೇ ಉಳಿದುಬಿಡುತ್ತಾರೆ.

ಕಾನೂನಿನಲ್ಲಿ ಗೊಂದಲವಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಆನ್‌ಲೈನಿನಲ್ಲೂ ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು ಅಷ್ಟೆ. ಎಫ್‌ಐಆರ್ ಪ್ರತಿ ಉಚಿತ.

ಸರಹದ್ದಿನ ಮಾತು ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು 2019ರ ನವೆಂಬರ್ ತೋರಿಸಿತು. ಹೈದರಾಬಾದಿನ ಹೊರವಲಯದ ಶಂಶಾಬಾದಿನಲ್ಲಿ ಯುವ ಪಶುವೈದ್ಯೆಯೊಬ್ಬರು ಕಾಣೆಯಾದ ರಾತ್ರಿ, ಹುಡುಕಿಕೊಡಿ ಎಂದು ಹೋದ ಮನೆಯವರನ್ನು ಒಂದು ಠಾಣೆಯಿಂದ ಇನ್ನೊಂದಕ್ಕೆ ಅಲೆಸಲಾಯಿತು. ಆಕೆಯ ಮೇಲೆ ಅತ್ಯಾಚಾರವಾಗಿ, ಕೊಲೆಯೂ ಆಗಿತ್ತು. ಮೂವರು ಪೊಲೀಸರು ಅಮಾನತಾದರು. ಸರಹದ್ದು ನೋಡದೆ ‘ಝೀರೊ ಎಫ್‌ಐಆರ್’ ಬರೆದುಕೊಳ್ಳಿ ಎಂದು ಕೇಂದ್ರ ಗೃಹ ಸಚಿವಾಲಯ 2013ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು! ನಿಯಮ ಕಾಗದದಲ್ಲಿತ್ತು, ಆ ರಾತ್ರಿ ಠಾಣೆಯ ಮೇಜಿನ ಮೇಲಿರಲಿಲ್ಲ.

ಮರ್ಯಾದಸ್ಥರು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ ಎಂಬ ಮಾತಿಗೆ ಉತ್ತರ ಬೇಕಿಲ್ಲ. ಆದರೆ ಸುಳ್ಳು ದೂರಿನ ಭಯ ನಿಜವಾದದ್ದು. ಜಮೀನಿನ ವ್ಯಾಜ್ಯ, ಹಣದ ಜಗಳಗಳಿಗೆ ಕ್ರಿಮಿನಲ್ ಬಣ್ಣ ಬಳಿದು ನಿರಪರಾಧಿಗಳನ್ನು ಅಲೆಸಿದ ಉದಾಹರಣೆಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತವೆ. ಅದಕ್ಕೆಂದೇ ಲಲಿತಾ ಕುಮಾರಿ ತೀರ್ಪು ಕೌಟುಂಬಿಕ, ವಾಣಿಜ್ಯ ವ್ಯಾಜ್ಯಗಳಂಥ ಕೆಲವು ಬಗೆಯ ದೂರುಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶವಿಟ್ಟಿತು. ಎಫ್‌ಐಆರ್ ಆದ ಮಾತ್ರಕ್ಕೆ ಬಂಧಿಸಬೇಕೆಂದೂ ಇಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಸುಳ್ಳನ್ನು ಬಯಲಿಗೆಳೆಯಬೇಕಾದದ್ದು ತನಿಖೆ. ತನಿಖೆಯೇ ಶುರುವಾಗದಂತೆ ಬಾಗಿಲು ಹಾಕಿದರೆ ಸುಳ್ಳಿನ ಜೊತೆ ಸತ್ಯವೂ ಹೊರಗುಳಿಯುತ್ತದೆ.

ಆದ್ದರಿಂದ ದೂರುದಾರರು ಸಮಯ, ಸ್ಥಳ, ನಡೆದದ್ದನ್ನು ಲಿಖಿತವಾಗಿ ಕೊಟ್ಟು, ಎಫ್‌ಐಆರ್ ಸಂಖ್ಯೆ ಕೇಳಬೇಕು. ಠಾಣೆ ನಿರಾಕರಿಸಿದರೆ ಅದೇ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬೇಕು. ಅಲ್ಲೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಆನ್‌ಲೈನ್ ವಂಚನೆಯಲ್ಲಿ ಹಣ ಕೈದಾಟುವ ಮೊದಲು 1930ಕ್ಕೆ ಕರೆ ಮಾಡಬೇಕು. ಆದರೆ ಇಷ್ಟೆಲ್ಲ ಹೊರೆಯನ್ನು ನೊಂದವರ ಹೆಗಲಿಗೇ ಹೊರಿಸುವುದು ಅನ್ಯಾಯ. ಮೇಲಧಿಕಾರಿಗಳ ಪರಿಶೀಲನಾ ಸಭೆಯಲ್ಲಿ ಠಾಣಾಧಿಕಾರಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ದೂರುದಾರರನ್ನು ಬರಿಗೈಲಿ ವಾಪಸ್ ಕಳಿಸಿದಿರಿ ಎಂಬುದಾಗಿರಲಿ.