ಮನವಿಗಳ ಲೆಕ್ಕ ಸಾಕು, ಮಕ್ಕಳ ಲೆಕ್ಕ ಇಡೋಣ

"ಕಾರ್ಯತಂತ್ರ ಯೋಜನೆಯ ತರಬೇತಿಗೆ ಜರ್ಮನಿಗೆ ಹೋಗ್ತಿದ್ದೇನೆ" ಅಂದಾಗ ನಮ್ಮೂರಿನ ಹಿರಿಯರೊಬ್ಬರು ಕೇಳಿದ್ದು ಇಷ್ಟೇ: "ನಮಗೆ ತಂತ್ರ ಎಂತಕ್ಕೆ ಮಾರಾಯಾ? ಮನವಿ ಬರೆಯಲಿಕ್ಕೆ ಬಂದರೆ ಸಾಕಲ್ಲ?" ಆಗ ನಕ್ಕುಬಿಟ್ಟೆ. ಅಲ್ಲಿ ಹೋದ ಮೇಲೆ ಆ ಪ್ರಶ್ನೆಯೇ ನನ್ನನ್ನು ಬಿಡದೆ ಕಾಡಿತು.

ಬೇರೆ ಬೇರೆ ದೇಶಗಳ ಭಾಷಾ ಅಲ್ಪಸಂಖ್ಯಾತ ಸಂಘಟನೆಗಳವರು ಬಂದಿದ್ದರು. ಮೊದಲ ದಿನ ಒಂದು ಹಾಳೆ ಕೊಟ್ಟು, ಐದು ವರ್ಷದಲ್ಲಿ ನಿಮ್ಮ ಸಂಘಟನೆ ಮಾಡಿದ್ದನ್ನೆಲ್ಲ ಬರೆಯಿರಿ ಅಂದರು. ನನಗೇನು ಕಷ್ಟ? ಮನವಿ, ಧರಣಿ, ಸಮ್ಮೇಳನ, ಸನ್ಮಾನ, ಪತ್ರಿಕಾಗೋಷ್ಠಿ. ಹಾಳೆಯ ಎರಡೂ ಬದಿ ತುಂಬಿತು. ಆಮೇಲೆ ಕೇಳಿದರು: "ಇದರಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು? ಪಕ್ಕದಲ್ಲಿ ಬರೆಯಿರಿ." ನನ್ನ ಪೆನ್ನು ನಿಂತುಬಿಟ್ಟಿತು.

ಇಡೀ ತರಬೇತಿಯ ಸಾರ ಅದೇ. ನಾವು ಮಾಡಿದ ಕೆಲಸ ಬೇರೆ, ಅದರಿಂದ ಸಿಕ್ಕ ಫಲ ಬೇರೆ. ನೂರು ಮನವಿ ಕೊಟ್ಟದ್ದು ಕೆಲಸ. ಒಂದು ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬಂದದ್ದು ಫಲ. ನಾವು ವಾರ್ಷಿಕ ವರದಿಯಲ್ಲಿ ಮೊದಲನೆಯದನ್ನು ಮಾತ್ರ ಓದಿ ಚಪ್ಪಾಳೆ ಹೊಡೆಸಿಕೊಳ್ಳುತ್ತೇವೆ.

ಎಲ್ಲವೂ ಚಿನ್ನ ಅಂತ ನಾನು ಹೇಳುವುದಿಲ್ಲ. ವಿಷನ್, ಮಿಷನ್ ಅಂತ ಎರಡು ದಿನ ಚರ್ಚೆ ಮಾಡಿದ್ದು ನನಗೆ ಕಾಲಹರಣ ಅನ್ನಿಸಿತು. ಲಾಗ್‌ಫ್ರೇಮ್ ಅನ್ನುವ ಚೌಕದ ಪಟ್ಟಿಯೂ ಅಷ್ಟೆ. ಅದು 1960ರ ದಶಕದ ಕೊನೆಗೆ ಅಮೆರಿಕದ ನೆರವು ಸಂಸ್ಥೆಗಾಗಿ ತಯಾರಾದದ್ದು. ದುಡ್ಡು ಕೊಡುವವರಿಗೆ ಲೆಕ್ಕ ಒಪ್ಪಿಸಲು ಚೆಂದ. ಊರಿನ ತಾಯಂದಿರ ಮುಂದೆ ಅದನ್ನಿಟ್ಟರೆ ಯಾರಿಗೆ ಅರ್ಥ ಆಗುತ್ತದೆ?

ನನ್ನ ಕಣ್ಣು ತೆರೆಸಿದ್ದು ಡೆನ್ಮಾರ್ಕ್ ಗಡಿಯ ಫ್ಲೆನ್ಸ್‌ಬರ್ಗ್ ಊರಿಗೆ ಹೋದ ದಿನ. 1920ರಲ್ಲಿ ಜನಮತ ಕೇಳಿ ಗಡಿ ಎಳೆದಾಗ ಒಂದಷ್ಟು ಡೇನಿಶರು ಜರ್ಮನಿಯ ಕಡೆ ಉಳಿದರು, ಒಂದಷ್ಟು ಜರ್ಮನರು ಡೆನ್ಮಾರ್ಕಿನ ಕಡೆ. 1955ರಲ್ಲಿ ಎರಡೂ ದೇಶಗಳು ತಮ್ಮ ತಮ್ಮ ಅಲ್ಪಸಂಖ್ಯಾತರಿಗೆ ಮಾತು ಕೊಟ್ಟವು: ನಾನು ಈ ಸಮುದಾಯದವನು ಅಂತ ಯಾರು ಹೇಳುತ್ತಾರೋ ಅವರು ಅದರವರೇ, ಸರ್ಕಾರ ಅದನ್ನು ಪರೀಕ್ಷಿಸುವಂತಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ್ದು ಅದರ ಮರುವರ್ಷ!

ಜರ್ಮನಿಯಲ್ಲಿರುವ ಈ ಡೇನಿಶರು ಸುಮಾರು 50,000 ಮಂದಿ. ಹೆಚ್ಚಿನವರ ಮನೆಮಾತು ಜರ್ಮನ್. ಆದರೂ ಮಗುವನ್ನು ಡೇನಿಶ್ ಶಿಶುವಿಹಾರಕ್ಕೇ ಕಳಿಸುತ್ತಾರೆ, ಅಲ್ಲಿಂದ ಡೇನಿಶ್ ಶಾಲೆಗೆ. ಮನೆಯಲ್ಲಿ ತುಳು, ಕೊಂಕಣಿ, ಮರಾಟಿ, ಬ್ಯಾರಿ ಮಾತಾಡಿ ಕನ್ನಡ ಶಾಲೆಗೆ ಹೋದ ನಮ್ಮ ಕಥೆಯೇ ಅಲ್ಲವಾ ಇದು? ಅವರ ಬೆನ್ನಿಗೆ ಡೆನ್ಮಾರ್ಕಿನ ಹಣ ಉಂಟು, ನಮಗೆ ಅಷ್ಟಿಲ್ಲ, ಒಪ್ಪುತ್ತೇನೆ. ಆದರೆ ಬರುವ ವರ್ಷ ಶಿಶುವಿಹಾರಕ್ಕೆ ಎಷ್ಟು ಮಕ್ಕಳು ಬರುತ್ತಾರೆ ಅಂತ ಲೆಕ್ಕ ಇಡಲು ಎಷ್ಟು ಹಣ ಬೇಕು?

ನಮ್ಮಲ್ಲೂ ಒಂದು ಲೆಕ್ಕ ಉಂಟು. 1949ರ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರ: ಪ್ರಾಥಮಿಕ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳಿದ್ದರೆ, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ, ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಹೊಣೆಯನ್ನು ರಾಜ್ಯಗಳ ಮೇಲೆ ಹಾಕಿತು. ಭಾಷಣದಲ್ಲಿ 350ಎ ಅಂತ ಗುಡುಗುತ್ತೇವೆ. ಆದರೆ ನಮ್ಮ ಪಂಚಾಯತಿನ ಯಾವ ಶಾಲೆಯ ಒಂದನೇ ಕ್ಲಾಸಿನಲ್ಲಿ 11 ಮಕ್ಕಳಿದ್ದಾರೆ, ಯಾವುದರಲ್ಲಿ 7ಕ್ಕೆ ಇಳಿದಿದೆ, ಯಾರಲ್ಲಿ ಪಟ್ಟಿ ಉಂಟು? ನನ್ನಲ್ಲೂ ಇರಲಿಲ್ಲ.

ಕಾರ್ಯತಂತ್ರ ಅಂದರೆ ಇದೇ: ಬೇಕಾದ ಫಲದಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಜೂನ್‌ನಲ್ಲಿ ಶಾಲೆಯಲ್ಲಿ 10 ಮಕ್ಕಳು ಬೇಕಾ? ಹಾಗಾದರೆ ಜನವರಿಯಲ್ಲೇ ಅಂಗನವಾಡಿಯ ಪಟ್ಟಿ ಕೈಯಲ್ಲಿರಬೇಕು. ಫೆಬ್ರವರಿಯಲ್ಲಿ ಮನೆಮನೆಗೆ ಹೋಗಿ, ಅಮ್ಮಂದಿರಿಗೆ ಯಾಕೆ ಇಂಗ್ಲಿಷ್ ಶಾಲೆ ಬೇಕು ಅಂತ ಕೇಳಬೇಕು. ನಾವು ಹೇಳುವುದಲ್ಲ, ಕೇಳುವುದು. ಮನೆ ಬಾಗಿಲಿಗೆ ವಾಹನ ಬರುವುದಿಲ್ಲ ಅನ್ನುವುದೇ ಕಾರಣ ಆದರೆ ಅದಕ್ಕೆ ಧರಣಿ ಬೇಡ, ಆಟೋ ಸಾಕು. ಕನ್ನಡ ಬಾರದ ಶಿಕ್ಷಕರು ಬಂದರು ಅನ್ನುವುದು ಕಾರಣ ಆದರೆ ಆಗ ಧರಣಿಯೇ ಬೇಕು, ಅದೂ ಮಕ್ಕಳ ಪಟ್ಟಿ ಹಿಡಿದುಕೊಂಡು.

ಹೋರಾಟ ಬೇಡ ಅಂತ ಯಾರೂ ತಿಳಿಯಬೇಡಿ. ಹೋರಾಡಿದ ಹಿರಿಯರಿಂದಲೇ ಇಂದು ಇಷ್ಟಾದರೂ ಉಳಿದದ್ದು. ಆದರೆ ತರಗತಿ ಖಾಲಿಯಾದ ಮೇಲೆ ಯಾವ ಹಕ್ಕಿಗಾಗಿ ಹೋರಾಡುತ್ತೀರಿ?

ಕೊನೆಗೆ ನಮ್ಮ ಸಂಘಟನೆಗಳಿಗೆ ಒಂದು ಮಾತು, ನನಗೂ ಸೇರಿಸಿ. ಇಂಥ ತರಬೇತಿಗೆ ಹೋಗುವುದು ಇಂಗ್ಲಿಷ್ ಬರುವ ನಾವು ನಾಲ್ಕು ಜನ ಮಾತ್ರ. ಬಂದು ಫೋಟೋ ಹಾಕುತ್ತೇವೆ, ವರದಿ ಕಪಾಟು ಸೇರುತ್ತದೆ. ಹೋಗಿ ಬಂದವರು ಒಂದು ತಿಂಗಳೊಳಗೆ ಊರಿನ ಶಾಲೆಯಲ್ಲಿ ಅರ್ಧ ದಿನ ಕೂತು ಕನ್ನಡದಲ್ಲಿ ಹೇಳಿಕೊಡಬೇಕು ಅಂತ ಷರತ್ತು ಹಾಕಿ. ಅಂಗನವಾಡಿ ಟೀಚರ್, ಶಾಲೆಯ ಅಮ್ಮಂದಿರು ಮೊದಲ ಸಾಲಿನಲ್ಲಿ ಕೂರಲಿ.

ನಾನು ಮುಂದಿನ ಭಾನುವಾರ ನಮ್ಮ ವಾರ್ಡಿನ ಪಟ್ಟಿ ಶುರು ಮಾಡುತ್ತಿದ್ದೇನೆ. ಆ ಹಿರಿಯರೂ ಬರುತ್ತಾರಂತೆ. ನಿಮ್ಮ ಊರಿನ ಒಂದನೇ ಕ್ಲಾಸಿನಲ್ಲಿ ಈ ವರ್ಷ ಎಷ್ಟು ಮಕ್ಕಳು? ಸೊಲ್ಲಾಪುರ, ತಾಳವಾಡಿ, ಮಡಕಶಿರಾ, ಎಲ್ಲಿಯವರಾದರೂ ಸರಿ, ಒಂದು ಸಂಖ್ಯೆ ಬರೆದು ತಿಳಿಸಿ. ಅಲ್ಲಿಂದಲೇ ಶುರು ಮಾಡೋಣ.