ಕಿಂಗ್‌ಸ್ಟನ್ನಿನ ಅಂಬೇಡ್ಕರ್ ರಸ್ತೆ, ಅದರ ಬೆನ್ನಿಗಿರುವ ಗುಡ್ಡ, ನಮ್ಮ ರಾಜಿ ಪಂಚಾಯ್ತಿ

ಸ್ವಲ್ಪ ಉದ್ದ ಅದ, ಪುರುಸೊತ್ತಿದ್ದಾಗ ಓದ್ರಿ.

ಜಮೈಕಾ ದೇಶದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಬಾಬಾಸಾಹೇಬರ ಹೆಸರಿನ ಒಂದು ರಸ್ತೆ ಇದೆ. 2022ರ ಮೇ ತಿಂಗಳಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಹೋಗಿ ಉದ್ಘಾಟಿಸಿದರು. ಭಾರತದ ರಾಷ್ಟ್ರಪತಿಯೊಬ್ಬರು ಆ ದೇಶಕ್ಕೆ ಕಾಲಿಟ್ಟಿದ್ದೇ ಅದು ಮೊದಲು. ಆ ಫೋಟೋ ನಮ್ಮ ವಾಟ್ಸಾಪ್ ಗ್ರೂಪಿನಾಗ ಈಗ ಮತ್ತೆ ತಿರುಗ್ಯಾಡಕತ್ತದ. ಕೆಳಗ ಸಾಲಾಗಿ ನೀಲಿ ಹಾರ್ಟು. ನಾನೂ ಒಂದು ಹಾಕೀನಿ. ಯಾಕಂದ್ರ ಕಲಬುರಗಿಗೆ ಅಂಟಿಕೊಂಡೇ ಇರುವ ಕೋಟನೂರಿನಲ್ಲಿ 2024ರ ಜನವರಿಯಲ್ಲಿ ಬಾಬಾಸಾಹೇಬರ ಪುತ್ಥಳಿಗೆ ಚಪ್ಪಲಿ ಹಾರ ಹಾಕಿದ್ದನ್ನು ಕಂಡ ಜನ ನಾವು. ಸಮುದ್ರದಾಚೆಯ ರಾಜಧಾನಿಯೊಂದು ಆ ಹೆಸರನ್ನು ತನ್ನ ರಸ್ತೆಗೆ ಇಟ್ಟುಕೊಂಡದ ಅಂದ್ರ ಎದೆ ತುಂಬೇ ತುಂಬ್ತದ.

"ಅಣ್ಣಾ, ಒಮ್ಮೆ ಹೋಗಿ ಬರಬೇಕು" ಅಂತ ಹುಡುಗರು ಬರೀತಾರ. ಹೋಗ್ರಿ. ನಾನಂತೂ ಬೆಂಗಳೂರಿಗೆ ಹೋಗಬೇಕಂದ್ರೂ ಸಿಎಲ್ ಎಷ್ಟು ಉಳಿದಾವ ಅಂತ ಎಣಿಸೋ ಗುಮಾಸ್ತ. ನಾನು ಹೇಳೋದೆಲ್ಲ ಓದಿದ್ದು. ಆದರೆ ಹೋದವರು ಬೋರ್ಡಿನ ಮುಂದೆ ಸೆಲ್ಫಿ ಹೊಡಕೊಂಡು ಹಂಗೇ ಬರಬ್ಯಾಡ್ರಿ.

ಊರೊಳಗ ನೋಡಬೇಕಾದ್ದು ಬಹಳ ಅದ. ಬಾಬ್ ಮಾರ್ಲಿ ಇದ್ದ ಮನೆ ಈಗ ಮ್ಯೂಸಿಯಂ. ಮಾರ್ಕಸ್ ಗಾರ್ವಿ 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ದೇಶ ಸ್ವತಂತ್ರವಾದ ಎರಡು ವರ್ಷಕ್ಕೆ, 1964ರಲ್ಲಿ, ಅವರ ದೇಹವನ್ನು ತಂದು ಕಿಂಗ್‌ಸ್ಟನ್ನಿನ ರಾಷ್ಟ್ರವೀರರ ಉದ್ಯಾನದಲ್ಲಿ ಮಣ್ಣು ಮಾಡಿದರು. ಇವೆಲ್ಲ ಮುಗಿದ ಮ್ಯಾಲ ತಲೆ ಎತ್ತಿ ನೋಡ್ರಿ. ಊರ ಬೆನ್ನಿಗೇ ನೀಲಿ ಗುಡ್ಡಗಳು, ಬ್ಲೂ ಮೌಂಟನ್ಸ್. ತುದಿ 2,256 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರ್ ಜಾಸ್ತಿ. ಪ್ರವಾಸಿಗರು ರಾತ್ರಿಯೇ ಹತ್ತಲು ಶುರುಮಾಡಿ ಮೇಲೆ ಸೂರ್ಯೋದಯ ನೋಡ್ತಾರ. ಅಲ್ಲಿಯ ಕಾಫಿ ಜಗತ್ತಿನಾಗೇ ತುಟ್ಟಿ ಕಾಫಿಗಳಲ್ಲಿ ಒಂದು, ಬಹುಪಾಲು ಜಪಾನಿಗೆ ಹೋಗ್ತದ. (ನಮಗ ಚಹಾನೇ ಸಾಕು ಬಿಡ್ರಿ.)

ನಮ್ಮಂಥವರು ಆ ಗುಡ್ಡ ನೋಡಬೇಕಾಗಿರೋದು ಬೇರೆ ಕಾರಣಕ್ಕೆ. ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಓಡಿಹೋಗಿ ಸೇರಿದ್ದು ಅಲ್ಲಿಗೇ. ಅವರಿಗೆ ಮರೂನ್ ಅಂತಾರ. ನ್ಯಾನಿ ಅನ್ನೋ ಒಬ್ಬ ಹೆಣ್ಣುಮಗಳು ಆ ಕಣಿವೆಗಳಲ್ಲಿ ಜನ ಕಟ್ಟಿಕೊಂಡು ಬ್ರಿಟಿಷ್ ಸೈನ್ಯವನ್ನು ವರ್ಷಗಟ್ಟಲೆ ಸತಾಯಿಸಿದಳು. ಇವತ್ತು ಅವಳ ಮುಖ ಅಲ್ಲಿಯ ನೋಟಿನ ಮ್ಯಾಲ ಅದ. 2015ರಲ್ಲಿ ಯುನೆಸ್ಕೊ ಆ ಬೆಟ್ಟಸಾಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಕಾಡಿಗಾಗಿ ಮಾತ್ರ ಅಲ್ಲ, ಮರೂನರ ನೆನಪಿಗಾಗಿಯೂ.

ಇದನ್ನು ಓದಿದಾಗ ನನಗೆ ನಮ್ಮ ಇಜೇರಿ ಕಣ್ಮುಂದೆ ಬಂತು. ನಿಂತು ನೋಡಿದ್ರ ನಾಕೂ ದಿಕ್ಕು ಬಯಲು. ಕರಿಮಣ್ಣು, ತೊಗರಿ, ಅದರಾಚೆಗೆ ಮತ್ತೆ ತೊಗರಿ. ಗೌಡರ ಮನೆಯಿಂದ ಓಡಿಹೋದವನು ಎಲ್ಲಿ ಅಡಗಬೇಕು? ನಮ್ಮ ಹಿರಿಯರಿಗೆ ಗುಡ್ಡ ಇರಲಿಲ್ಲ. ಮುಂಬಯಿ, ಪುಣೆಯ ಗಾಡಿ ಹತ್ತಿದರು. ಜೋಪಡಪಟ್ಟಿಯೇ ಅವರ ನೀಲಿ ಗುಡ್ಡ.

ಆದ್ರ ಮರೂನರ ಕತಿ ಅರ್ಧಕ್ಕೆ ನಿಲ್ಲಿಸಿ ಚಪ್ಪಾಳಿ ಹೊಡಿಯೋದು ಸುಲಭ. 1739ರಲ್ಲಿ ಮರೂನರ ನಾಯಕ ಕಜ್ಜೋ ಬ್ರಿಟಿಷರ ಜೊತೆ ಒಪ್ಪಂದ ಮಾಡಿಕೊಂಡ. ಅದರ ಹಿಂದೆಯೇ ನೀಲಿ ಗುಡ್ಡದವರೂ ಮಾಡಿಕೊಂಡರು. ಜಮೀನು ಸಿಕ್ಕಿತು, ಸ್ವಾತಂತ್ರ್ಯ ಸಿಕ್ಕಿತು. ಜೊತೆಗೊಂದು ಷರತ್ತು: ಇನ್ನು ಮುಂದೆ ತೋಟದಿಂದ ಓಡಿ ಬಂದವರನ್ನು ಹಿಡಿದು ವಾಪಸ್ ಒಪ್ಪಿಸಬೇಕು. ಮೊದಲು ಹತ್ತಿದವರು ಏಣಿ ಎಳಕೊಂಡರು ಅಂತ ಒಂದೇ ಮಾತಿನಾಗ ಬೈಬಹುದು. ನಾನು ಬೈಯಲ್ಲ. ಎಷ್ಟೋ ವರ್ಷ ಕಾದಾಡಿ, ಊರು ಸುಟ್ಟುಹೋಗಿ, ಮಕ್ಕಳನ್ನು ಕಳಕೊಂಡವರು ಅವರು.

ಆದರೆ ಆ ಷರತ್ತು ಎಲ್ಲಿಗೆ ಮುಟ್ಟಿತು ನೋಡ್ರಿ. ಗುಲಾಮಗಿರಿ 1838ಕ್ಕೆ ಪೂರ್ತಿ ಮುಗಿದಿತ್ತು, ಭೂಮಿ ಮಾತ್ರ ಸಿಕ್ಕಿರಲಿಲ್ಲ. 1865ರಲ್ಲಿ ಪಾಲ್ ಬೋಗಲ್ ಅನ್ನುವವರು ಬಡವರ ಅಹವಾಲು ಹೊತ್ತು ಸುಮಾರು 70 ಕಿಲೋಮೀಟರ್ ನಡೆದು ಆಗಿನ ರಾಜಧಾನಿಗೆ ಹೋದರು. ಗವರ್ನರ್ ಭೇಟಿಯನ್ನೇ ಕೊಡಲಿಲ್ಲ. (ಕೈಯಾಗ ಅರ್ಜಿ ಹಿಡಕೊಂಡು ಸಾಹೇಬರ ಬಾಗಿಲ ಮುಂದೆ ನಿಂತವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ.) ಅಕ್ಟೋಬರಿನಲ್ಲಿ ಮೊರಾಂಟ್ ಬೇ ಊರಿನ ಕೋರ್ಟಿನ ಮುಂದೆ ದಂಗೆ ಆಯಿತು, ಸರ್ಕಾರ ನಾನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ತಲೆಮರೆಸಿಕೊಂಡಿದ್ದ ಬೋಗಲ್ ಅವರನ್ನು ಹಿಡಿದುಕೊಟ್ಟವರು ಮರೂನರೇ. ಮರುದಿನವೇ ನೇಣು.

ಈಗ ನಮ್ಮೂರಿಗೆ ಬರೋಣ. ಅಟ್ರಾಸಿಟಿ ಕೇಸು ದಾಖಲಾದ ಎರಡನೇ ದಿನ ಸಂತ್ರಸ್ತರ ಮನೆಗೆ ಮೊದಲು ಬರೋರು ಯಾರು? ಮೇಲ್ಜಾತಿಯವರಲ್ಲ. ನಮ್ಮ ಕೇರಿಯ ಹಿರಿಯರು. "ತಂಗೀ, ನಾಳೆ ಅವರ ಹೊಲಕ್ಕೇ ಕೂಲಿಗೆ ಹೋಗಬೇಕು, ನೀರು ಕುಡಿದಂಗ ರಾಜಿ ಮಾಡ್ಕೋ." ಅವರ ಮ್ಯಾಲೂ ನನಗ ಸಿಟ್ಟಿಲ್ಲ, ಅವರ ಹೊಟ್ಟಿ ಅವರ ಕೈಯಾಗಿಲ್ಲ. ಸಿಟ್ಟಿರೋದು ಅವರ ಹಿಂದ ಬರೋರ ಮ್ಯಾಲ. ಬಿಳಿ ಅಂಗಿ, ನೀಲಿ ಶಲ್ಯ, ಜೇಬಿನಾಗ ಸಂಘದ ಲೆಟರ್‌ಹೆಡ್ಡು. ಹೊಟ್ಟೆಗೆ ತೊಂದರೆ ಇಲ್ಲದ ನೌಕರರು, ಸದಸ್ಯರು, ಗುತ್ತಿಗೆದಾರರು. ಠಾಣೆಯ ಹೊರಗಿನ ಚಹಾದಂಗಡಿಯಲ್ಲಿ ಕೂತು, ಸಾಕ್ಷಿ ಹೇಳಬೇಕಾದ ಹುಡುಗ ಕೋರ್ಟಿನಾಗ ಉಲ್ಟಾ ಹೊಡಿಯೋದಕ್ಕೆ ಎಷ್ಟು ಅಂತ ಮಾತಾಡೋರು. 1989ರ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ 15ಎ ಕಲಂ ಸೇರಿಸಿ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡಬೇಕು ಅಂತ ಬರೆದಾರ. ಆ ಕಲಂ ಬಗ್ಗೆ ಆ ತಂಗಿಗೆ ಹೇಳಬೇಕಾದವರೇ ರಾಜಿಪತ್ರಕ್ಕೆ ಹೆಬ್ಬೆಟ್ಟು ಒತ್ತಿಸ್ತಾರ.

ಇವರನ್ನ ಕರೆದು ಶಾಲು ಹೊದಿಸೋರೂ ನಾವೇ. ಆದ್ದರಿಂದ ನಮ್ಮ ಸಂಘಟನೆಗಳ ಮುಂದೆ ನನ್ನದು ಒಂದೇ ಬೇಡಿಕೆ: ಅಟ್ರಾಸಿಟಿ ಕೇಸಿನಲ್ಲಿ ರಾಜಿಗೆ ಕೂತವರು ಯಾವ ಹುದ್ದೆಯಲ್ಲೂ ಇರಬಾರದು ಅಂತ ಠರಾವು ಮಾಡ್ರಿ. ನನಗೂ ಅದೇ ನಿಯಮ ಹಾಕ್ರಿ. ಬರೋ ಏಪ್ರಿಲ್ 14ಕ್ಕೆ ಜೇವರ್ಗಿಯಲ್ಲಿ ವೇದಿಕೆ ಕಟ್ಟುವಾಗ ಮುಂದಿನ ಸಾಲಿನ ಕುರ್ಚಿಗಳು ಯಾರಿಗೆ ಅಂತ ಈಗಲೇ ಪಟ್ಟಿ ಮಾಡಿ ಇದೇ ಗ್ರೂಪಿಗೆ ಹಾಕ್ರಿ. ಹೆಸರು ಹೆಸರಾಗಿ ಓದೋಣ.